ಸಂಪೂರ್ಣ ಮಂಡಿ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ: ದೀರ್ಘಕಾಲೀನ ಫಲಿತಾಂಶಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ತೀವ್ರ ಮಂಡಿನೋವಿನಿಂದ ಬಳಲುತ್ತಿರುವ ಹಾಗೂ ಸಂಪೂರ್ಣ ಮಂಡಿ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆಗಾಗಿ ಆರೋಗ್ಯ ಯೋಜನೆಗಳಡಿ ನೆರವು ಕೋರಲು ಉದ್ದೇಶಿಸಿರುವ ನಾಗರಿಕರ ಮತ್ತು ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪತ್ರ ನೀಡುವಾಗ ಬಹುತೇಕ ರೋಗಿಗಳು ಕೇಳುವ ಪ್ರಶ್ನೆ ಒಂದೇ: "ಹೊಸ ಕೀಲು ಎಷ್ಟು ವರ್ಷ ಬಾಳುತ್ತದೆ?" ಈ ಪ್ರಶ್ನೆಯು ಅಗತ್ಯವಾದದ್ದೇ ಆದರೂ ಪರಿಪೂರ್ಣವಲ್ಲ. ಕೀಲು ಬಾಳುವುದು ಬೇರೆ. ಕೀಲನ್ನು ಪಡೆದವರು ನೋವಿಲ್ಲದೆ ಬಾಳುವುದು ಬೇರೆ. ಇವೆರಡನ್ನೂ ಪ್ರತ್ಯೇಕವಾಗಿ ತಿಳಿದುಕೊಂಡು ನಿರ್ಧಾರ ಕೈಗೊಳ್ಳಲು ಅನುಕೂಲವಾಗುವಂತೆ ಈ ಕೆಳಗೆ ವಿವರಗಳನ್ನು ನೀಡಲಾಗಿದೆ.

1. ಶಸ್ತ್ರಚಿಕಿತ್ಸೆಯ ಸ್ವರೂಪ

ಮಂಡಿಯಲ್ಲಿ ತೊಡೆಮೂಳೆಯ ಕೆಳತುದಿ, ಅದರ ಕೆಳಗಿನ ಕಾಲುಮೂಳೆಯ ಮೇಲ್ತುದಿ ಹಾಗೂ ಮಂಡಿಚಿಪ್ಪು ಪರಸ್ಪರ ಕೂಡುತ್ತವೆ. ಮೂಳೆಗಳು ಒಂದರ ಮೇಲೊಂದು ಜಾರುವ ಭಾಗಕ್ಕೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು ಅಥವಾ ಆಮವಾತದಂತಹ ಕಾಯಿಲೆಯಿಂದ ಈ ಹೊದಿಕೆ ಸವೆದುಹೋದಾಗ ಮೂಳೆಗೆ ಮೂಳೆ ಉಜ್ಜಿ ನೋವು, ಬಿಗಿತ ಮತ್ತು ಕಾಲಿನ ವಕ್ರತೆ ಉಂಟಾಗುತ್ತವೆ.

ಶಸ್ತ್ರಚಿಕಿತ್ಸೆಯಲ್ಲಿ ಇಡೀ ಮಂಡಿಯನ್ನು ಕತ್ತರಿಸಿ ತೆಗೆಯಲಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸವೆದ ಮೇಲ್ಮೈಯನ್ನು ಮಾತ್ರ ತೆಳುವಾಗಿ ಕತ್ತರಿಸಿ, ತೊಡೆಮೂಳೆಯ ತುದಿಗೆ ಸಾಮಾನ್ಯವಾಗಿ ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದ ಹೊದಿಕೆಯನ್ನು, ಕೆಳಗಿನ ಮೂಳೆಗೆ ಲೋಹದ ತಟ್ಟೆಯನ್ನು ಅಳವಡಿಸಲಾಗುತ್ತದೆ. ಇವೆರಡರ ನಡುವೆ ಗಟ್ಟಿಯಾದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಇರಿಸಲಾಗುತ್ತದೆ. ಲೋಹದ ಭಾಗಗಳನ್ನು ಬಹುತೇಕ ಸಂದರ್ಭಗಳಲ್ಲಿ ಮೂಳೆ ಸಿಮೆಂಟ್ ಬಳಸಿ ಕೂರಿಸಲಾಗುತ್ತದೆ.

ಇಂದು ಬಳಕೆಯಲ್ಲಿರುವ ಕೀಲುಗಳ ಮೂಲ ವಿನ್ಯಾಸವು 1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿ ಸಂಸ್ಥೆಯಲ್ಲಿ ಡಾ. ಜಾನ್ ಇನ್‌ಸಾಲ್ ಮತ್ತು ಅವರ ಸಹೋದ್ಯೋಗಿಗಳಿಂದ ರೂಪುಗೊಂಡಿತು. ಆ ತಂಡದಲ್ಲಿ ಭಾರತೀಯ ಮೂಲದ ಡಾ. ಚಿತ್ತರಂಜನ್ ರಾಣಾವತ್ ಅವರೂ ಇದ್ದರು. ಅಂದಿನ ಪ್ರಧಾನಮಂತ್ರಿ ಶ್ರೀ ಅಟಲ್ ಬಿಹಾರಿ ವಾಜಪೇಯಿ ಅವರಿಗೆ 2000ದ ಅಕ್ಟೋಬರ್‌ನಲ್ಲಿ ಎಡಮಂಡಿಗೆ ಹಾಗೂ 2001ರ ಜೂನ್‌ನಲ್ಲಿ ಬಲಮಂಡಿಗೆ ಮುಂಬೈನಲ್ಲಿ ಶಸ್ತ್ರಚಿಕಿತ್ಸೆ ನೆರವೇರಿಸಿದವರು ಇವರೇ. ಈ ಚಿಕಿತ್ಸೆಯ ಹೆಸರು ನಮ್ಮ ದೇಶದ ಜನಸಾಮಾನ್ಯರಿಗೆ ಪರಿಚಿತವಾದದ್ದು ಆ ಸಂದರ್ಭದಲ್ಲಿ.

2. ಫಲಿತಾಂಶವನ್ನು ತಿಳಿಯುವ ಬಗೆ

ಒಬ್ಬ ರೋಗಿಯ ಅಥವಾ ಒಂದು ಆಸ್ಪತ್ರೆಯ ಅನುಭವದಿಂದ ದೀರ್ಘಕಾಲೀನ ಫಲಿತಾಂಶವನ್ನು ನಿರ್ಣಯಿಸಲು ಸಾಧ್ಯವಿಲ್ಲ. ಇದಕ್ಕಾಗಿ ಕೆಲವು ದೇಶಗಳು ರಾಷ್ಟ್ರಮಟ್ಟದ ನೋಂದಣಿ ಪುಸ್ತಕಗಳನ್ನು ನಿರ್ವಹಿಸುತ್ತವೆ. ಸ್ವೀಡನ್ 1975ರಲ್ಲಿ ಮಂಡಿ ಕೀಲುಗಳ ನೋಂದಣಿಯನ್ನು ಆರಂಭಿಸಿತು. ಆಸ್ಟ್ರೇಲಿಯಾದಲ್ಲಿ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2003ರಲ್ಲಿ ಇಂತಹ ವ್ಯವಸ್ಥೆ ಜಾರಿಗೆ ಬಂದಿತು. ಯಾವ ದಿನ, ಯಾರಿಗೆ, ಯಾವ ಮಾದರಿಯ ಕೀಲನ್ನು ಅಳವಡಿಸಲಾಯಿತು, ಯಾವಾಗ ಮತ್ತು ಯಾವ ಕಾರಣಕ್ಕೆ ಅದನ್ನು ಬದಲಿಸಬೇಕಾಯಿತು ಎಂಬ ವಿವರಗಳು ಅವುಗಳಲ್ಲಿ ದಾಖಲಾಗುತ್ತವೆ.

ಭಾರತದಲ್ಲಿ ಸೊಂಟ ಮತ್ತು ಮಂಡಿ ಶಸ್ತ್ರಚಿಕಿತ್ಸಕರ ಸಂಘವು 2006ರಲ್ಲಿ ನೋಂದಣಿಯನ್ನು ಆರಂಭಿಸಿದೆ. ಇದು ವೈದ್ಯರು ಸ್ವಇಚ್ಛೆಯಿಂದ ಮಾಹಿತಿ ನೀಡುವ ವ್ಯವಸ್ಥೆಯಾಗಿದೆ. 2013ರಲ್ಲಿ ಪ್ರಕಟವಾದ ಅದರ ಪ್ರಾಥಮಿಕ ವರದಿಯಂತೆ, ಮಂಡಿ ಕೀಲು ಬದಲಾವಣೆಗೆ ಒಳಗಾದವರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಮಹಿಳೆಯರು. ಬಹುಪಾಲು ಪ್ರಕರಣಗಳಿಗೆ ಕಾರಣ ಕೀಲುಸವೆತ. ಎರಡು ದಶಕಗಳ ಅವಧಿಯ ಫಲಿತಾಂಶಗಳನ್ನು ತಿಳಿಯಲು ಸದ್ಯಕ್ಕೆ ವಿದೇಶಗಳ ನೋಂದಣಿಗಳನ್ನೇ ಅವಲಂಬಿಸಬೇಕಾಗಿದೆ. ಈ ಲೇಖನದ ಅಂಕಿಅಂಶಗಳನ್ನು ಓದುವಾಗ ಈ ಅಂಶವನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

3. ಕೃತಕ ಕೀಲು ಎಷ್ಟು ವರ್ಷ ಬಾಳುತ್ತದೆ?

2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ಆಸ್ಟ್ರೇಲಿಯಾ ಮತ್ತು ಫಿನ್‌ಲೆಂಡ್ ದೇಶಗಳ ನೋಂದಣಿಗಳನ್ನು ಆಧರಿಸಿದ ಅಧ್ಯಯನದ ಪ್ರಕಾರ ಸಂಪೂರ್ಣ ಮಂಡಿ ಕೀಲುಗಳ ಪೈಕಿ:

• 15 ವರ್ಷಗಳ ನಂತರ ಶೇ. 93ರಷ್ಟು,
• 20 ವರ್ಷಗಳ ನಂತರ ಶೇ. 90ರಷ್ಟು,
• 25 ವರ್ಷಗಳ ನಂತರ ಶೇ. 82ರಷ್ಟು

ಕೀಲುಗಳು ಮರುಶಸ್ತ್ರಚಿಕಿತ್ಸೆಯಿಲ್ಲದೆ ಉಳಿದಿದ್ದವು. "ಕೃತಕ ಕೀಲು ಹತ್ತು ವರ್ಷಕ್ಕೆ ಹಾಳಾಗುತ್ತದೆ" ಎಂದು ಸಾರ್ವಜನಿಕರಲ್ಲಿ ಇರುವ ಭಾವನೆಗೆ ಈ ಅಂಕಿಅಂಶಗಳಲ್ಲಿ ಆಧಾರವಿಲ್ಲ. ಕೀಲಿಗೆ ನಿಗದಿತ ಆಯುಷ್ಯವೆಂಬುದಿಲ್ಲ. ಹತ್ತು ಅಥವಾ ಹದಿನೈದು ವರ್ಷ ತುಂಬಿತೆಂಬ ಕಾರಣಕ್ಕೆ ಅದನ್ನು ಬದಲಿಸುವ ಅವಶ್ಯಕತೆಯೂ ಇರುವುದಿಲ್ಲ.

ಈ ಅಂಕಿಅಂಶಗಳಿಗೆ ಒಂದು ಮಿತಿಯಿದೆ. ನೋಂದಣಿಯು ಕೀಲನ್ನು ತೆಗೆದು ಬದಲಿಸಿದ ಪ್ರಕರಣಗಳನ್ನು ಮಾತ್ರ ವೈಫಲ್ಯವೆಂದು ಎಣಿಸುತ್ತದೆ. ನೋವಿದ್ದರೂ ಮತ್ತೊಂದು ಶಸ್ತ್ರಚಿಕಿತ್ಸೆ ಬೇಡವೆಂದು ಸಹಿಸಿಕೊಂಡವರು, ಅಥವಾ ವಯಸ್ಸು ಮತ್ತು ಇತರ ಕಾಯಿಲೆಗಳಿಂದಾಗಿ ಮರುಶಸ್ತ್ರಚಿಕಿತ್ಸೆಗೆ ಅರ್ಹರಲ್ಲವೆಂದು ತೀರ್ಮಾನಿಸಲ್ಪಟ್ಟವರು ಆ ಪುಸ್ತಕದಲ್ಲಿ "ಕೀಲು ಉಳಿದವರು" ಎಂದೇ ಪರಿಗಣಿತರಾಗುತ್ತಾರೆ. ಆದುದರಿಂದ ಎರಡನೆಯ ಅಳತೆಯ ಅಗತ್ಯವಿದೆ. ಅದರ ವಿವರವನ್ನು ಕ್ರಮಸಂಖ್ಯೆ 6ರಲ್ಲಿ ನೀಡಲಾಗಿದೆ.

4. ಶಸ್ತ್ರಚಿಕಿತ್ಸೆಯ ಸಮಯದ ವಯಸ್ಸು

ಒಂದೇ ಮಾದರಿಯ ಕೀಲಾದರೂ ಅದನ್ನು ಪಡೆಯುವ ವಯಸ್ಸಿಗೆ ಅನುಗುಣವಾಗಿ ಫಲಿತಾಂಶವು ಬದಲಾಗುತ್ತದೆ. ಬ್ರಿಟನ್ನಿನಲ್ಲಿ 1991ರಿಂದ 2011ರ ಅವಧಿಯ ರೋಗಿಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, 70 ವರ್ಷದ ನಂತರ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಜೀವಿತಾವಧಿಯಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಸುಮಾರು ಶೇ. 5ರಷ್ಟಿದ್ದರೆ, 50ರಿಂದ 54 ವರ್ಷ ವಯಸ್ಸಿನ ಪುರುಷರಲ್ಲಿ ಅದು ಶೇ. 35ರವರೆಗೆ ಇತ್ತು. ಅದೇ ವಯಸ್ಸಿನ ಮಹಿಳೆಯರಲ್ಲಿ ಈ ಪ್ರಮಾಣ ಪುರುಷರಿಗಿಂತ ಕಡಿಮೆ ಇರುವುದು ಕಂಡುಬಂದಿದೆ.

ಕಿರಿಯ ವಯಸ್ಸಿನವರು ಹೆಚ್ಚು ವರ್ಷ ಬದುಕುತ್ತಾರೆ, ಹೆಚ್ಚು ಓಡಾಡುತ್ತಾರೆ, ಭಾರದ ಕೆಲಸ ಮಾಡುತ್ತಾರೆ; ಕೀಲಿನ ಮೇಲಿನ ಒತ್ತಡವೂ ಅಷ್ಟೇ ಹೆಚ್ಚು. ಮೇಲಾಗಿ ಎರಡನೆಯ ಕೀಲು ಮೊದಲನೆಯದರಷ್ಟು ಕಾಲ ಬಾಳುವುದಿಲ್ಲ. ಬ್ರಿಟನ್ನಿನ ನೋಂದಣಿಯನ್ನು ಆಧರಿಸಿದ 2021ರ ವಿಶ್ಲೇಷಣೆಯಲ್ಲಿ, ಮೊದಲ ಮರುಶಸ್ತ್ರಚಿಕಿತ್ಸೆಗೆ ಒಳಗಾದ ಕೀಲುಗಳ ಪೈಕಿ ಸುಮಾರು ಐದರಲ್ಲೊಂದನ್ನು 13 ವರ್ಷಗಳೊಳಗೆ ಪುನಃ ಬದಲಿಸಬೇಕಾಯಿತು. ಎರಡನೆಯ ಮರುಶಸ್ತ್ರಚಿಕಿತ್ಸೆಯ ನಂತರ ಅದೇ ಪ್ರಮಾಣವನ್ನು ತಲುಪಲು ಕೇವಲ 5 ವರ್ಷ ಸಾಕಾಯಿತು.

ಹಾಗೆಂದು ನೋವನ್ನು ಸಹಿಸಿಕೊಂಡು 70 ವರ್ಷದವರೆಗೆ ಕಾಯಬೇಕೆಂದು ಇದರ ಅರ್ಥವಲ್ಲ. ಕಾಲು ತೀರಾ ವಕ್ರವಾಗಿ, ಮಂಡಿ ಪೂರ್ತಿ ಬಿಗಿದುಕೊಂಡು, ತೊಡೆಯ ಸ್ನಾಯುಗಳು ಸೊರಗಿದ ಮೇಲೆ ಮಾಡುವ ಶಸ್ತ್ರಚಿಕಿತ್ಸೆಯಿಂದ ಸಿಗುವ ಚಲನೆಯೂ ಕಡಿಮೆಯಾಗುತ್ತದೆ. 50ರ ಆಸುಪಾಸಿನ ವಯಸ್ಸಿನವರು ಅನ್ಯ ಚಿಕಿತ್ಸೆಗಳನ್ನು ಪೂರ್ಣವಾಗಿ ಪ್ರಯತ್ನಿಸಿದ ನಂತರವೇ ಶಸ್ತ್ರಚಿಕಿತ್ಸೆಗೆ ಮುಂದಾಗುವುದು ಸೂಕ್ತ. ಇಳಿವಯಸ್ಸಿನವರು "ಇನ್ನೆಷ್ಟು ದಿನ" ಎಂಬ ಸಂಕೋಚದಿಂದ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಸೂಕ್ತವಲ್ಲ.

5. ಮರುಶಸ್ತ್ರಚಿಕಿತ್ಸೆಗೆ ಕಾರಣಗಳು

ಹಿಂದಿನ ದಶಕಗಳಲ್ಲಿ ಪ್ಲಾಸ್ಟಿಕ್ ಬಿಲ್ಲೆಯ ಸವೆತವು ಮುಖ್ಯ ಕಾರಣವಾಗಿತ್ತು. ಅಮೆರಿಕದ ಫಿಲಡೆಲ್ಫಿಯಾದ ವೈದ್ಯರ ತಂಡವು 2002ರಲ್ಲಿ ಇದನ್ನು ವರದಿ ಮಾಡಿತ್ತು. ಬಿಲ್ಲೆಯ ಗುಣಮಟ್ಟ ಸುಧಾರಿಸಿದ ನಂತರ, 2014ರಲ್ಲಿ ಅದೇ ಕೇಂದ್ರದ ವರದಿಯಲ್ಲಿ ಕೀಲು ಸಡಿಲವಾಗುವುದು ಮತ್ತು ಸೋಂಕು ಪ್ರಮುಖ ಕಾರಣಗಳಾಗಿ ಕಂಡುಬಂದವು. ಕಾರಣಗಳನ್ನು ಸಂಕ್ಷಿಪ್ತವಾಗಿ ಈ ಕೆಳಗಿನಂತೆ ವಿವರಿಸಬಹುದು:

(ಅ) ಸಡಿಲಿಕೆ: ಮೂಳೆ ಮತ್ತು ಲೋಹದ ನಡುವಿನ ಹಿಡಿತ ಕ್ರಮೇಣ ಕಡಿಮೆಯಾಗುವುದು. ಹಲವು ವರ್ಷ ನೋವಿಲ್ಲದೆ ಇದ್ದು, ನಂತರ ಭಾರ ಹಾಕಿದಾಗ ಹೊಸದಾಗಿ ನೋವು ಕಾಣಿಸಿಕೊಳ್ಳುವುದು ಇದರ ಲಕ್ಷಣ.

(ಆ) ಸೋಂಕು: ನೂರು ಜನರಲ್ಲಿ ಒಬ್ಬರು ಅಥವಾ ಇಬ್ಬರಲ್ಲಿ ಉಂಟಾಗುತ್ತದೆ. ಬಹುಪಾಲು ಮೊದಲ ಎರಡು ವರ್ಷಗಳಲ್ಲಿ ಕಾಣಿಸಿಕೊಂಡರೂ, ದೇಹದ ಬೇರೆ ಭಾಗದ ಸೋಂಕು ರಕ್ತದ ಮೂಲಕ ಕೀಲನ್ನು ಎಷ್ಟೋ ವರ್ಷಗಳ ನಂತರವೂ ತಲುಪಬಹುದು. ಹತೋಟಿಯಲ್ಲಿಲ್ಲದ ಮಧುಮೇಹ, ಸ್ಥೂಲಕಾಯ ಮತ್ತು ಧೂಮಪಾನ ಈ ಅಪಾಯವನ್ನು ಹೆಚ್ಚಿಸುತ್ತವೆ.

(ಇ) ಅಸ್ಥಿರತೆ: ಕೀಲಿನ ಸುತ್ತಲಿನ ಅಸ್ಥಿರಜ್ಜುಗಳ ಸಮತೋಲನ ಸರಿಯಿಲ್ಲದೆ ಮಂಡಿ ವಾಲಿದಂತೆ ಅಥವಾ ಕುಸಿದಂತೆ ಆಗುವುದು.

(ಈ) ಬಿಗಿತ: ಗಾಯದ ಅಂಗಾಂಶ ಬೆಳೆದು ಮಂಡಿ ಮಡಚಲು ಅಥವಾ ನೀಳವಾಗಿ ಚಾಚಲು ಆಗದಿರುವುದು.

(ಉ) ಮೂಳೆಮುರಿತ: ಬಿದ್ದಾಗ ಕೃತಕ ಕೀಲಿನ ಪಕ್ಕದ ಮೂಳೆ ಮುರಿಯುವುದು. ಮೂಳೆ ಸವಕಳಿ ಇರುವ ವೃದ್ಧ ಮಹಿಳೆಯರಲ್ಲಿ ಇದು ಹೆಚ್ಚು.

6. ನೋವು ಮತ್ತು ತೃಪ್ತಿ: ಎರಡನೆಯ ಅಳತೆ

ಬಹುಸಂಖ್ಯಾತ ರೋಗಿಗಳಲ್ಲಿ ನೋವು ಗಣನೀಯವಾಗಿ ಕಡಿಮೆಯಾಗಿ, ನಡೆಯುವ ದೂರ ಹೆಚ್ಚಿ, ರಾತ್ರಿಯ ನಿದ್ರೆ ಮರಳುತ್ತದೆ. ಆದರೆ ಎಲ್ಲರಿಗೂ ಹೀಗಾಗುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ 1,703 ಶಸ್ತ್ರಚಿಕಿತ್ಸೆಗಳ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 19ರಷ್ಟು ಮಂದಿ ತಮಗೆ ತೃಪ್ತಿಯಿಲ್ಲವೆಂದು ತಿಳಿಸಿದರು. ವಿವಿಧ ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ಮತ್ತೊಂದು ವರದಿಯು, ತಿಂಗಳುಗಳು ಅಥವಾ ವರ್ಷಗಳ ನಂತರವೂ ಗಮನಾರ್ಹ ನೋವು ಉಳಿದವರ ಪ್ರಮಾಣ ಶೇ. 10ರಿಂದ 34ರವರೆಗೆ ಇರುವುದನ್ನು ಗುರುತಿಸಿತು. ಸ್ಥೂಲವಾಗಿ ಹೇಳುವುದಾದರೆ, ಐವರಲ್ಲಿ ನಾಲ್ವರಿಗೆ ತೃಪ್ತಿ. ಒಬ್ಬರಿಗೆ ನಿರೀಕ್ಷಿಸಿದ ಫಲ ದೊರೆಯುವುದಿಲ್ಲ. ಇಂತಹ ಅನೇಕರಲ್ಲಿ ಎಕ್ಸ್‌ರೇ ಪರೀಕ್ಷೆಯಲ್ಲಿ ಕೀಲು ಸರಿಯಾಗಿಯೇ ಕುಳಿತಿರುವುದು ಕಂಡುಬರುತ್ತದೆ.

ಈ ಕೆಳಕಂಡವರಲ್ಲಿ ಅತೃಪ್ತಿಯ ಸಂಭವ ಹೆಚ್ಚು:

• ಎಕ್ಸ್‌ರೇಯಲ್ಲಿ ಸವೆತ ಅಲ್ಪವಾಗಿದ್ದು, ನೋವು ಮಾತ್ರ ತೀವ್ರವಾಗಿರುವವರು;
• ಸೊಂಟ, ಬೆನ್ನು ಮುಂತಾದ ಹಲವು ಕಡೆ ದೀರ್ಘಕಾಲದ ನೋವಿರುವವರು;
• ಖಿನ್ನತೆ ಅಥವಾ ತೀವ್ರ ಆತಂಕಕ್ಕೆ ಚಿಕಿತ್ಸೆ ಪಡೆಯದವರು;
• ಶಸ್ತ್ರಚಿಕಿತ್ಸೆಯಿಂದ ಯೌವನದ ಮಂಡಿ ಮರಳುತ್ತದೆಂದು ನಿರೀಕ್ಷಿಸಿದವರು.

ಸೊಂಟದ ಕೀಲು ಅಥವಾ ಬೆನ್ನುಹುರಿಯ ನರದ ತೊಂದರೆಯು ಕೆಲವೊಮ್ಮೆ ಮಂಡಿನೋವಾಗಿ ತೋರಿಬರುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಸೊಂಟ ಮತ್ತು ಬೆನ್ನಿನ ಪರೀಕ್ಷೆಯೂ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಸೂಕ್ತ.

7. ದಿನನಿತ್ಯದ ಬದುಕು ಮತ್ತು ನೆಲದ ಮೇಲೆ ಕುಳಿತುಕೊಳ್ಳುವಿಕೆ

ಸಮತಟ್ಟಾದ ನೆಲದಲ್ಲಿ ನಡೆಯಲು ಮಂಡಿಯು ಸುಮಾರು 60ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಿಳಿಯಲು ಮತ್ತು ಕುರ್ಚಿಯಿಂದ ಏಳಲು 90 ಡಿಗ್ರಿ ಅಥವಾ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಕುಕ್ಕರುಗಾಲಿನಲ್ಲಿ ಪೂರ್ಣವಾಗಿ ಕುಳಿತುಕೊಳ್ಳಲು 130 ಡಿಗ್ರಿಗಿಂತ ಹೆಚ್ಚು ಬೇಕು. ಶಸ್ತ್ರಚಿಕಿತ್ಸೆಯ ನಂತರ ಬಹುತೇಕರಿಗೆ ದೊರೆಯುವುದು 110ರಿಂದ 120 ಡಿಗ್ರಿಗಳ ಆಸುಪಾಸಿನ ಮಡಚುವಿಕೆ. ಶಸ್ತ್ರಚಿಕಿತ್ಸೆಗೆ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಎಂಬುದು ನಂತರದ ಮಡಚುವಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ವಿದೇಶಗಳ ಅಧ್ಯಯನಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬಾರದ ಈ ಅಂಶವು ನಮ್ಮ ನಾಡಿನ ಜನಜೀವನಕ್ಕೆ ಅತ್ಯಂತ ಮುಖ್ಯವಾದುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಪೂಜೆ ಅಥವಾ ನಮಾಜಿಗೆ ಮಂಡಿಯೂರುವುದು, ಗದ್ದೆಯಲ್ಲಿ ಕಳೆ ಕೀಳುವುದು, ಕುಕ್ಕರುಗಾಲಿನ ಶೌಚಾಲಯವನ್ನು ಬಳಸುವುದು ಬಹಳ ಮಂದಿಗೆ ಸಾಧ್ಯವಾಗುವುದಿಲ್ಲ. ಸಾಧ್ಯವಾದರೂ ದೀರ್ಘಕಾಲದ ದೃಷ್ಟಿಯಿಂದ ವೈದ್ಯರು ಅದನ್ನು ಪ್ರೋತ್ಸಾಹಿಸುವುದಿಲ್ಲ. ಜೀವನೋಪಾಯವೇ ನೆಲದ ಕೆಲಸವನ್ನು ಅವಲಂಬಿಸಿರುವ ಕೃಷಿ ಕಾರ್ಮಿಕರು, ಬೀಡಿ ಕಟ್ಟುವವರು ಹಾಗೂ ಅಡುಗೆ ಕೆಲಸದವರು ಇದನ್ನು ಮುಂಚಿತವಾಗಿಯೇ ವೈದ್ಯರ ಗಮನಕ್ಕೆ ತಂದು, ಕುರ್ಚಿ ಅಥವಾ ಎತ್ತರದ ಕಟ್ಟೆಯ ಮೇಲೆ ಕುಳಿತು ಕೆಲಸ ಮಾಡುವ ಏರ್ಪಾಟನ್ನು ಯೋಚಿಸತಕ್ಕದ್ದು. ಮನೆಯಲ್ಲಿ ಕಮೋಡ್ ಅಥವಾ ಅದಕ್ಕೆ ಬದಲಾಗಿ ಕಮೋಡ್ ಕುರ್ಚಿ ಹಾಗೂ ಗೋಡೆಗೆ ಹಿಡಿಕೆಯ ವ್ಯವಸ್ಥೆಯನ್ನು ಆಸ್ಪತ್ರೆಗೆ ದಾಖಲಾಗುವ ಮೊದಲೇ ಮಾಡಿಕೊಳ್ಳುವುದು ಒಳಿತು.

ಚೇತರಿಕೆಯ ಬಹುಭಾಗ ಮೊದಲ 3ರಿಂದ 6 ತಿಂಗಳಲ್ಲಿ ಆಗುತ್ತದೆ; ಸುಧಾರಣೆ ಒಂದು ವರ್ಷದವರೆಗೂ ಮುಂದುವರಿಯುತ್ತದೆ. ಗಾಯದ ಹೊರಬದಿಯ ಚರ್ಮದಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗುವುದು ಹಾಗೂ ನಡೆಯುವಾಗ ಸಣ್ಣ "ಟಕ್" ಶಬ್ದ ಬರುವುದು ಸಾಮಾನ್ಯ. ನಡಿಗೆ, ಸೈಕಲ್ ಸವಾರಿ ಮತ್ತು ಈಜು ಸೂಕ್ತ ವ್ಯಾಯಾಮಗಳು. ಓಟ, ಜಿಗಿತ ಹಾಗೂ ಅತಿಭಾರ ಹೊರುವುದನ್ನು ತ್ಯಜಿಸತಕ್ಕದ್ದು.

8. ಶಸ್ತ್ರಚಿಕಿತ್ಸೆಗೆ ಮೊದಲು ಪ್ರಯತ್ನಿಸಬೇಕಾದ ಕ್ರಮಗಳು

2015ರಲ್ಲಿ ಡೆನ್ಮಾರ್ಕ್‌ನಲ್ಲಿ 100 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪುಗಳಿಗೆ 12 ವಾರಗಳ ವ್ಯಾಯಾಮ, ಆಹಾರ ಸಲಹೆ, ಪಾದದ ಒಳಪದರ ಮತ್ತು ನೋವು ನಿವಾರಕಗಳನ್ನು ಒದಗಿಸಲಾಯಿತು. ಒಂದು ಗುಂಪಿಗೆ ಮಾತ್ರ ಮೊದಲು ಶಸ್ತ್ರಚಿಕಿತ್ಸೆಯನ್ನೂ ಮಾಡಲಾಯಿತು. ಒಂದು ವರ್ಷದ ನಂತರ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಕಂಡುಬಂದ ಸುಧಾರಣೆಯು ಇನ್ನೊಂದು ಗುಂಪಿನ ಸುಧಾರಣೆಯ ಸುಮಾರು ಎರಡು ಪಟ್ಟು ಇತ್ತು. ಆದರೆ ಗಂಭೀರ ತೊಡಕುಗಳು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 24 ಆಗಿದ್ದರೆ ಇನ್ನೊಂದರಲ್ಲಿ 6 ಮಾತ್ರ. ಶಸ್ತ್ರಚಿಕಿತ್ಸೆಯಿಲ್ಲದ ಗುಂಪಿನಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರು ಮಾತ್ರ ಆ ವರ್ಷದೊಳಗೆ ಶಸ್ತ್ರಚಿಕಿತ್ಸೆಯನ್ನು ಆಯ್ದುಕೊಂಡರು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಸವೆತ ತೀವ್ರವಾದಾಗ ಶಸ್ತ್ರಚಿಕಿತ್ಸೆಗೆ ಸಮನಾದ ಪರಿಹಾರ ಮತ್ತೊಂದಿಲ್ಲ. ಆದರೆ ಕ್ರಮಬದ್ಧ ವ್ಯಾಯಾಮದಿಂದಲೂ ಅನೇಕರು ಶಸ್ತ್ರಚಿಕಿತ್ಸೆಯನ್ನು ಮುಂದೂಡಬಲ್ಲರು. ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ, ಊರುಗೋಲಿನ ಬಳಕೆ ಮತ್ತು ವೈದ್ಯರ ಸಲಹೆಯಂತೆ ನೋವು ನಿವಾರಕಗಳ ಮಿತ ಬಳಕೆಯನ್ನು ಕನಿಷ್ಠ ಮೂರು ತಿಂಗಳು ಶ್ರದ್ಧೆಯಿಂದ ಅನುಸರಿಸುವುದು ಅಪೇಕ್ಷಣೀಯ. ದೇಹದ ತೂಕದಲ್ಲಿ ಒಂದು ಕಿಲೋಗ್ರಾಂ ಕಡಿಮೆಯಾದರೆ, ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋಗ್ರಾಂನಷ್ಟು ಕಡಿಮೆಯಾಗುತ್ತದೆ.

9. ಕೀಲಿನ ಮಾದರಿ, ಬೆಲೆ ಮತ್ತು ಯಂತ್ರಗಳ ನೆರವು

ಕೇಂದ್ರ ಸರ್ಕಾರದ ರಾಷ್ಟ್ರೀಯ ಔಷಧ ಬೆಲೆ ನಿರ್ಧಾರ ಪ್ರಾಧಿಕಾರವು 2017ರ ಆಗಸ್ಟ್ 16ರಂದು ಮಂಡಿ ಕೀಲುಗಳಿಗೆ ಗರಿಷ್ಠ ಮಿತಿಬೆಲೆಯನ್ನು ನಿಗದಿಪಡಿಸಿತು. ಆ ಆದೇಶದಂತೆ ಕೋಬಾಲ್ಟ್–ಕ್ರೋಮಿಯಂ ಕೀಲಿಗೆ ತೆರಿಗೆ ಹೊರತುಪಡಿಸಿ 54,720 ರೂ. ಹಾಗೂ ಮರುಶಸ್ತ್ರಚಿಕಿತ್ಸೆಯ ಕೀಲಿಗೆ 1,13,950 ರೂ. ಗೊತ್ತುಪಡಿಸಲಾಗಿತ್ತು. ಬಿಲ್ಲಿನಲ್ಲಿ ಕೀಲಿನ ಬೆಲೆ, ತಯಾರಕರ ಹೆಸರು, ಬ್ರಾಂಡ್ ಮತ್ತು ಬ್ಯಾಚ್ ಸಂಖ್ಯೆಯನ್ನು ಆಸ್ಪತ್ರೆಗಳು ಪ್ರತ್ಯೇಕವಾಗಿ ನಮೂದಿಸಬೇಕೆಂದೂ ಆದೇಶಿಸಲಾಯಿತು. ದಾಖಲಾಗುವ ದಿನದಂದು ಅನ್ವಯಿಸುವ ಮಿತಿಬೆಲೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

ಹೆಚ್ಚು ಮಡಚಬಲ್ಲದೆಂದು ಹೇಳಲಾಗುವ "ಹೈ ಫ್ಲೆಕ್ಸ್" ಮಾದರಿಗಳನ್ನು ಸಾಮಾನ್ಯ ಮಾದರಿಗಳೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ರೋಗಿಗೆ ಅನುಭವಕ್ಕೆ ಬರುವಂತಹ ವ್ಯತ್ಯಾಸ ಕಂಡುಬಂದಿಲ್ಲ. ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯನ್ನು ಸಾಂಪ್ರದಾಯಿಕ ವಿಧಾನದೊಂದಿಗೆ ಹೋಲಿಸಿ ದಕ್ಷಿಣ ಕೊರಿಯಾದಲ್ಲಿ ಕನಿಷ್ಠ 10 ವರ್ಷ ನಿಗಾ ವಹಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಕೀಲಿನ ಬಾಳಿಕೆ ಮತ್ತು ರೋಗಿಯ ಚಲನವಲನದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಹೆಚ್ಚುವರಿ ಹಣ ಪಾವತಿಸದ ಕಾರಣ ತಮಗೆ ಕೆಳದರ್ಜೆಯ ಚಿಕಿತ್ಸೆ ದೊರೆಯಿತೆಂದು ಯಾರೂ ಚಿಂತಿಸಬೇಕಾಗಿಲ್ಲ. ಶಸ್ತ್ರಚಿಕಿತ್ಸಕರ ಅನುಭವ, ಸೋಂಕು ತಡೆಯುವ ವ್ಯವಸ್ಥೆ ಮತ್ತು ನಂತರದ ವ್ಯಾಯಾಮ ಇವು ಹೆಚ್ಚು ಮುಖ್ಯ.

10. ಆರೋಗ್ಯ ಯೋಜನೆಯಡಿ ನೆರವು ಕೋರುವವರ ಗಮನಕ್ಕೆ

ರಾಜ್ಯದಲ್ಲಿ 2018ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜಿಸಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದರ ಅನುಷ್ಠಾನ ಸಂಸ್ಥೆ. ಆದ್ಯತಾ ಪಡಿತರ ಚೀಟಿ ಹೊಂದಿರುವ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ ಹಾಗೂ ಇತರ ಕುಟುಂಬಗಳಿಗೆ ಸಹಪಾವತಿ ಆಧಾರದಲ್ಲಿ, ಪ್ಯಾಕೇಜ್ ದರದ ಶೇ. 30ರಂತೆ, ವಾರ್ಷಿಕ 1.5 ಲಕ್ಷ ರೂ.ಗಳವರೆಗೆ ನೆರವು ನೀಡುವ ರೀತಿಯಲ್ಲಿ ಯೋಜನೆಯನ್ನು ರೂಪಿಸಲಾಯಿತು.

ಮಂಡಿ ಕೀಲು ಬದಲಾವಣೆಯು ಪೂರ್ವಯೋಜಿತ ಶಸ್ತ್ರಚಿಕಿತ್ಸೆಯೇ ಹೊರತು ತುರ್ತು ಚಿಕಿತ್ಸೆಯಲ್ಲ. ಆದುದರಿಂದ ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ಮೂಳೆ ಮತ್ತು ಕೀಲು ವಿಭಾಗದಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಭೇಟಿ ಮಾಡಿ ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು:

• ತಮ್ಮ ಚಿಕಿತ್ಸೆಗೆ ಅನ್ವಯವಾಗುವ ಪ್ಯಾಕೇಜ್ ಮತ್ತು ಅದನ್ನು ಪಡೆಯಬಹುದಾದ ಆಸ್ಪತ್ರೆ;
• ಕೀಲಿನ ಬೆಲೆ, ಪರೀಕ್ಷೆಗಳು ಮತ್ತು ವ್ಯಾಯಾಮ ಚಿಕಿತ್ಸೆ ಪ್ಯಾಕೇಜಿನಲ್ಲಿ ಸೇರಿವೆಯೇ ಎಂಬುದು;
• ಒಂದು ಮಂಡಿಗೆ ಅಥವಾ ಎರಡಕ್ಕೂ ಮಂಜೂರಾತಿ ದೊರೆತಿದೆಯೇ ಎಂಬುದು;
• ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರು ಒಂದೇ ರೀತಿಯಲ್ಲಿದೆಯೇ ಎಂಬುದು.

11. ದಾಖಲೆಗಳನ್ನು ಕಾಪಾಡಿಕೊಳ್ಳುವುದು ರೋಗಿಯ ಹಿತಕ್ಕೆ ಅತ್ಯಗತ್ಯ

ಕೀಲು 20–25 ವರ್ಷ ಬಾಳಬಹುದು. ಆದರೆ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಗಳನ್ನು ವೈದ್ಯರು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಂಡರೆ ಸಾಕು. ಹದಿನೆಂಟನೆಯ ವರ್ಷದಲ್ಲಿ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಮಾತ್ರ ಬದಲಿಸಬೇಕಾಗಿ ಬಂದಲ್ಲಿ, ಅದೇ ತಯಾರಕರ ಅದೇ ಅಳತೆಯ ಬಿಲ್ಲೆ ಬೇಕಾಗುತ್ತದೆ. ಮಾದರಿಯ ವಿವರ ತಿಳಿಯದಿದ್ದಲ್ಲಿ, ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾದದ್ದು ಇಡೀ ಕೀಲನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಯಾಗಬಹುದು.

ಇದು ಕೇವಲ ಊಹೆಯ ಮಾತಲ್ಲ. 2010ರಲ್ಲಿ ಸೊಂಟದ ಕೃತಕ ಕೀಲಿನ ಒಂದು ಮಾದರಿಯನ್ನು ದೋಷದ ಕಾರಣ ವಿಶ್ವದಾದ್ಯಂತ ಹಿಂಪಡೆಯಲಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಆ ಮಾದರಿ ಬಳಕೆಯಾಗಿದ್ದರೂ, ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು ಪರಿಶೀಲಿಸಿದಾಗ 3,600ಕ್ಕೂ ಹೆಚ್ಚು ರೋಗಿಗಳ ಪತ್ತೆಯೇ ಆಗಿರಲಿಲ್ಲ. ತಮ್ಮ ದೇಹದಲ್ಲಿರುವ ಕೀಲು ಯಾವುದೆಂಬ ದಾಖಲೆ ಕೈಯಲ್ಲಿದ್ದವರು ಮಾತ್ರ ಇಂತಹ ಸಂದರ್ಭದಲ್ಲಿ ಪರಿಹಾರ ಮತ್ತು ಚಿಕಿತ್ಸೆಯನ್ನು ಕೇಳಬಲ್ಲರು.

ಆದುದರಿಂದ ಬಿಡುಗಡೆಯ ದಿನವೇ ಈ ಕೆಳಕಂಡ ದಾಖಲೆಗಳನ್ನು ಪಡೆದುಕೊಳ್ಳತಕ್ಕದ್ದು:

(1) ಬಿಡುಗಡೆ ಸಾರಾಂಶ. (2) ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿ. (3) ಕೀಲಿನ ಪ್ರತಿ ಭಾಗದ ಹೆಸರು, ಅಳತೆ ಮತ್ತು ಬ್ಯಾಚ್ ಸಂಖ್ಯೆ ಇರುವ ಅಂಟುಚೀಟಿಗಳು. (4) ಕೀಲಿನ ವಿವರವುಳ್ಳ ಬಿಲ್ಲು. (5) ಶಸ್ತ್ರಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಕ್ಸ್‌ರೇಗಳು.

ಸದರಿ ನಿಯಮಾವಳಿಯಂತೆ ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೋರಿದಲ್ಲಿ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸತಕ್ಕದ್ದು. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಉತ್ತಮ. ದಾಖಲೆಗಳ ಒಂದು ಪ್ರತಿಯನ್ನು ಮನೆಯ ಜಮೀನು ಪತ್ರಗಳ ಜೊತೆಯಲ್ಲಿಯೇ ಜೋಪಾನವಾಗಿಟ್ಟು, ಮಕ್ಕಳಿಗೆ ಅಥವಾ ಸಮೀಪದ ಬಂಧುಗಳಿಗೆ ತಿಳಿಸಿಡುವುದು ಒಳಿತು. ಕೀಲಿನ ದೋಷದಿಂದ ತೊಂದರೆಯಾಗಿದೆ ಎಂದು ಶಂಕೆಯಿದ್ದಲ್ಲಿ, 2015ರಲ್ಲಿ ಆರಂಭವಾದ ಭಾರತೀಯ ವೈದ್ಯಕೀಯ ಸಾಧನ ನಿಗಾ ಕಾರ್ಯಕ್ರಮಕ್ಕೆ ವೈದ್ಯರ ಮೂಲಕ ವರದಿ ಸಲ್ಲಿಸಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶಸ್ತ್ರಚಿಕಿತ್ಸೆಯಿಂದ ಪ್ರಾಣಾಪಾಯವಿದೆಯೇ?
ಉತ್ತರ: ವಿರಳ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 45 ದಿನಗಳೊಳಗಿನ ಮರಣ ಪ್ರಮಾಣವು 2003ರಲ್ಲಿ ಶೇ. 0.37 ಇದ್ದದ್ದು 2011ರಲ್ಲಿ ಶೇ. 0.20ಕ್ಕೆ ಇಳಿಯಿತು. ಹೃದ್ರೋಗ ಇರುವವರು ಮತ್ತು ಅತಿ ವೃದ್ಧರಲ್ಲಿ ಅಪಾಯ ಹೆಚ್ಚು.

ಪ್ರಶ್ನೆ: ಎರಡೂ ಮಂಡಿಗಳಿಗೆ ಒಂದೇ ದಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದೇ?
ಉತ್ತರ: ಆರೋಗ್ಯವಂತರಲ್ಲಿ ಸಾಧ್ಯ. ಒಂದೇ ಬಾರಿ ಅರಿವಳಿಕೆ ಮತ್ತು ಆಸ್ಪತ್ರೆ ವಾಸ ಸಾಕಾಗುತ್ತದೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ ಪ್ರತ್ಯೇಕವಾಗಿ ಮಾಡುವುದು ಸುರಕ್ಷಿತ.

ಪ್ರಶ್ನೆ: ನೋವಿಲ್ಲದಿದ್ದರೂ ತಪಾಸಣೆಗೆ ಹೋಗಬೇಕೇ?
ಉತ್ತರ: ಹೋಗಬೇಕು. ಸಡಿಲಿಕೆ ಮತ್ತು ಸವೆತ ಆರಂಭದಲ್ಲಿ ನೋವನ್ನುಂಟುಮಾಡದೇ ಇರಬಹುದು. ಮೊದಲ ವರ್ಷ ಪೂರ್ಣಗೊಂಡಾಗ ಹಾಗೂ ನಂತರ ವೈದ್ಯರು ಸೂಚಿಸಿದ ಅಂತರದಲ್ಲಿ ಎಕ್ಸ್‌ರೇ ತೆಗೆಸಿಕೊಳ್ಳತಕ್ಕದ್ದು.

ಪ್ರಶ್ನೆ: ಯಾವ ಲಕ್ಷಣಗಳು ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಹೋಗಬೇಕು?
ಉತ್ತರ: ಜ್ವರದೊಂದಿಗೆ ಮಂಡಿ ಕೆಂಪಾಗಿ ಬಿಸಿಯಾಗುವುದು, ಗಾಯದಿಂದ ಕೀವು ಅಥವಾ ನೀರು ಸೋರುವುದು, ಮೀನಖಂಡದಲ್ಲಿ ಊತ ಮತ್ತು ನೋವು, ಹಠಾತ್ ಉಸಿರಾಟದ ತೊಂದರೆ ಅಥವಾ ಎದೆನೋವು, ಬಿದ್ದ ನಂತರ ಕಾಲೂರಲು ಆಗದಿರುವುದು. ಕೀಲಿನ ಸೋಂಕೆಂಬ ಶಂಕೆಯಿದ್ದಾಗ ವೈದ್ಯರ ಪರೀಕ್ಷೆಗೆ ಮೊದಲು ಔಷಧ ಅಂಗಡಿಯಿಂದ ಆ್ಯಂಟಿಬಯಾಟಿಕ್ ಮಾತ್ರೆ ಪಡೆದು ಸೇವಿಸಬಾರದು. ಇದರಿಂದ ರೋಗಾಣುವನ್ನು ಗುರುತಿಸುವುದು ಕಷ್ಟವಾಗುತ್ತದೆ.

ಪ್ರಶ್ನೆ: ಹಲ್ಲಿನ ಚಿಕಿತ್ಸೆ ಅಥವಾ ವಿಮಾನ ಪ್ರಯಾಣಕ್ಕೆ ಅಡ್ಡಿಯಿದೆಯೇ?
ಉತ್ತರ: ಇಲ್ಲ. ಕೃತಕ ಕೀಲಿರುವುದನ್ನು ದಂತವೈದ್ಯರಿಗೆ ಹಾಗೂ ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

13. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ

ಮೇಲಿನ ವಿವರಗಳ ಹಿನ್ನೆಲೆಯಲ್ಲಿ, ಶಸ್ತ್ರಚಿಕಿತ್ಸೆ ಬಯಸುವ ಪ್ರತಿಯೊಬ್ಬರೂ ತಮ್ಮ ವೈದ್ಯರಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುವುದು ಅವರ ಹಕ್ಕಾಗಿರುತ್ತದೆ: ನನ್ನ ವಯಸ್ಸಿನವರಲ್ಲಿ ಮರುಶಸ್ತ್ರಚಿಕಿತ್ಸೆಯ ಸಂಭವ ಎಷ್ಟು? ನನ್ನ ನೋವು ಮಂಡಿಯ ಸವೆತದಿಂದಲೇ ಬರುತ್ತಿದೆಯೇ? ನನ್ನ ಮಂಡಿ ಎಷ್ಟು ಮಡಚಬಹುದು, ನನ್ನ ಕೆಲಸಕ್ಕೆ ಅದು ಸಾಲುತ್ತದೆಯೇ? ಇನ್ನೂ ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದೇ? ಅಳವಡಿಸುವ ಕೀಲಿನ ಪೂರ್ಣ ವಿವರವನ್ನು ಲಿಖಿತವಾಗಿ ನೀಡುವಿರಾ?

ಈ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ದೊರೆತಲ್ಲಿ ನಿಶ್ಚಿಂತೆಯಿಂದ ಮುಂದುವರಿಯಬಹುದು. ಉತ್ತರ ದೊರೆಯದಿದ್ದಲ್ಲಿ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಸಮಯವಿದೆ. ಮಂಡಿ ಕೀಲು ಬದಲಾವಣೆಯಲ್ಲಿ ಕೆಲವು ವಾರಗಳ ವಿಳಂಬದಿಂದ ಸಾಮಾನ್ಯವಾಗಿ ಹಾನಿಯಾಗುವುದಿಲ್ಲ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಇದು ವೈದ್ಯರ ತಪಾಸಣೆ ಹಾಗೂ ಸಲಹೆಗೆ ಪರ್ಯಾಯವಾಗುವುದಿಲ್ಲ.